ಬರೂದಿಲ್ಲ ಎಂದ ಅತ್ತೆ

ಅತ್ತೆಯ ಎಡ ಮುಂಗೈ ಮೇಲೆ, ಮಣಿಕಟ್ಟಿನಿಂದ ಹೆಚ್ಚುಕಡಿಮೆ ಮೊಣಕೈವರೆಗೆ, ಒಂದು ಸುಟ್ಟ ಗಾಯದ ಕಲೆ ಇತ್ತು. ಅಲ್ಲಿ ಚರ್ಮ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ, ಉಳಿದ ಕೈಗಿಂತ ತುಸು ಬೆಳ್ಳಗೆ ಹೊಳೆಯುತ್ತಿತ್ತು. ಬಳೆಗಳು ಜಾರುತ್ತ ಆ ಜಾಗಕ್ಕೆ ಬಂದಾಗ ಒಂದು ಕ್ಷಣ ತಡೆದು ನಿಲ್ಲುತ್ತಿದ್ದವು. ಇದೇನಾಯಿತು ಎಂದು ಯಾರಾದರೂ ಕೇಳಿದರೆ ಅತ್ತೆಯದು ಒಂದೇ ಉತ್ತರ: "ಡಾರ್ಜಿಲಿಂಗ್."

ಕೇಳಿದವರು ತಬ್ಬಿಬ್ಬಾಗುತ್ತಿದ್ದರು. ಅತ್ತೆ ಮುಂದಕ್ಕೆ ಹೇಳುತ್ತಿರಲಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದು ಬಹಳ ದಿನವಾದ ಮೇಲೆ ಕತೆ ಸಿಕ್ಕಿತು. ಮಾವ ಮತ್ತು ಅವರ ಸಹೋದ್ಯೋಗಿಗಳು ಸೂರ್ಯೋದಯ ನೋಡಲು ಬೆಟ್ಟಕ್ಕೆ ಹೋಗಿದ್ದರು. ಅತ್ತೆ ಧರ್ಮಶಾಲೆಯ ಕೋಣೆಯಲ್ಲಿ ಮಕ್ಕಳಿಗೆಂದು ಪಂಪ್ ಸ್ಟೌ ಮೇಲೆ ಹಾಲು ಕಾಯಿಸುತ್ತಿದ್ದರು. ಚಳಿಗೆ ಬೆರಳು ಮರಗಟ್ಟಿತ್ತು, ಇಕ್ಕಳ ಜಾರಿತು. ಬೆಟ್ಟದಿಂದ ಬಂದ ಮಾವ ಬಾಗಿಲಲ್ಲೇ ನಿಂತು, "ಏನ್ ಚೆಂದ ಇತ್ತು ಗೊತ್ತೇನು, ನೀ ಮಿಸ್ ಮಾಡಿಕೊಂಡಿ," ಅಂದರಂತೆ. ಕೈ ನೋಡಿದ್ದು ಆಮೇಲೆ.

ಅತ್ತೆಗೆ ಪ್ರವಾಸ ಕಂಡರೆ ಆಗುತ್ತಿರಲಿಲ್ಲ. ಇದನ್ನು ಬೇರೆ ಕಡೆ ಹೇಳಿದರೆ ಒಬ್ಬ ಮುದುಕಿಯ ಹಟ ಅನ್ನಿಸಿ ಮುಗಿದೀತು. ಗುಜರಾತಿನಲ್ಲಿ ಕೂತು ಹಾಗೆ ಹೇಳುವುದಕ್ಕೆ ಬೇರೆಯದೇ ಧೈರ್ಯ ಬೇಕು. ದೀಪಾವಳಿ ಬಂತೆಂದರೆ ಅರ್ಧ ಅಹಮದಾಬಾದು ಬೀಗ ಹಾಕಿಕೊಂಡು, ಡಬ್ಬಿಗಟ್ಟಲೆ ಥೇಪ್ಲಾ, ಖಾಖ್ರಾ ಕಟ್ಟಿಕೊಂಡು ಹೊರಟುಬಿಡುತ್ತದೆ. "ಈ ಸಲ ಎಲ್ಲಿಗೆ ಫರ್ವಾ ಹೋಗ್ತೀರಿ?" ಎಂದು ಸುತ್ತಾಟದ ಬಗ್ಗೆ ಕೇಳುವುದು ಇಲ್ಲಿ ಊಟವಾಯಿತೇ ಎನ್ನುವಷ್ಟೇ ಸಹಜವಾದ ಮಾತು. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರಾದರೂ ಹಾಗೆ ಕೇಳಿದರೆ ಅತ್ತೆ ಮುಖ ನೋಡಿ, "ಕಹೀಂ ನಹೀ. ಘರ್ ಅಚ್ಛಾ ಹೈ," ಅನ್ನುತ್ತಿದ್ದರು. ಕೇಳಿದವರು ಪಾಪ ಎನ್ನುವಂತೆ ನನ್ನತ್ತ ನೋಡುತ್ತಿದ್ದರು. ಅತ್ತೆಯನ್ನು ಎಲ್ಲಿಗೂ ಕರೆದೊಯ್ಯದ ಸೊಸೆ ನಾನೇ ಎಂದು ಅವರ ಲೆಕ್ಕ.

ಅದರಲ್ಲೂ ನನ್ನ ಕಸುಬು ಟೂರ್ ಮಾಡಿಸುವುದು. ನಾನು ಸೂರತ್ತಿನಲ್ಲಿ ಬೆಳೆದವಳು. ನಮ್ಮ ಊರು ಕುಂದಾಪುರದ ಕಡೆ. ಸೂರತ್ತಿನ ಪಾಂಡೇಸರಾದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳ ಪಕ್ಕದಲ್ಲಿ, ಅಪ್ಪನದೊಂದು ಇಡ್ಲಿ-ದೋಸೆಯ ಹೋಟೆಲು. ಮಿಲ್ಲಿಗೆ ರಜೆ ಇದ್ದರೂ ಹೋಟೆಲಿಗೆ ರಜೆ ಇಲ್ಲ. ಊರೆಲ್ಲ ಅಬು, ದಮನ್, ಗೋವಾ ಎಂದು ಹೊರಟಾಗ ನಾವು ಉಳಿದವರಿಗೆ ದೋಸೆ ಹುಯ್ಯುತ್ತಿದ್ದೆವು. ಹೋಟೆಲಿನ ಹಿಂದಿನ ಮೋರಿಯಲ್ಲಿ ಮಿಲ್ಲಿನ ನೀರು ಒಂದು ದಿನ ನೀಲಿ, ಒಂದು ದಿನ ಕೆಂಪು ಹರಿಯುತ್ತಿತ್ತು. ನಾನು ನೋಡಿದ ನದಿ ಅದೇ. ನನ್ನ ಮಟ್ಟಿಗೆ ಪ್ರವಾಸ ಅಂದರೆ ಬೇರೆಯವರಿಗೆ ಇರುವ, ನಮಗಿಲ್ಲದ ಒಂದು ವಸ್ತು. ಹೆಣ್ಣು ನೋಡುವ ಶಾಸ್ತ್ರ ಮುಗಿದು ನಾವು ಹುಡುಗನ ಮನೆಗೆ ಹೋದಾಗ, ವಡೋದರಾ ಹತ್ತಿರದ ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿನ ಆ ಕ್ವಾರ್ಟರ್ಸಿನಲ್ಲಿ ಕಂಡ ಶೋಕೇಸು ನನ್ನ ಮನಸ್ಸು ಗೆದ್ದುಬಿಟ್ಟಿತು. ಅಮೃತಶಿಲೆಯ ತಾಜಮಹಲು, ಕಾಶ್ಮೀರದ ಪುಟ್ಟ ದೋಣಿ, ಕನ್ಯಾಕುಮಾರಿಯ ಶಂಖ, ಪುರಿಯ ಜಗನ್ನಾಥ. ಇಷ್ಟೆಲ್ಲ ನೋಡಿದವರ ಮನೆಗೆ ಸೊಸೆಯಾಗುತ್ತೇನೆ ಅಂದುಕೊಂಡೆ.

ಮದುವೆಯಾಗಿ ಬಂದ ಹೊಸದರಲ್ಲಿ ಆ ಶೋಕೇಸಿನ ಮುಂದೆ ನಿಂತು, "ಅತ್ತೆ, ಎಷ್ಟೆಲ್ಲ ನೋಡಿದ್ದೀರಿ ನೀವು," ಅಂದೆ.

ಅತ್ತೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನನಗೆ ಕೊಟ್ಟರು. "ಹೂಂ. ಇಡೀ ಹಿಂದೂಸ್ತಾನದ ಬಚ್ಚಲಾ ನೋಡೇನಿ. ಯಾವ ಊರಾಗ ನಳಾ ಯಾವ ಕಡೆ ತಿರಗ್ತದ, ಯಾವ ಊರಿನ ನೀರಾಗ ಸಾಬೂನು ನೊರಿ ಬರೂದಿಲ್ಲ, ಕೇಳು, ಹೇಳ್ತೇನಿ."

ಅದು ತಮಾಷೆಯಲ್ಲ ಎಂದು ನನಗೆ ಅರ್ಥವಾಗಲು ಕಾಲ ಬೇಕಾಯಿತು. ಮಾವನಿಗೆ ಕಂಪನಿ ಕೊಡುತ್ತಿದ್ದ ಪ್ರವಾಸದ ರಜೆ, ಎಲ್‌ಟಿಸಿ, ಒಮ್ಮೆಯೂ ವ್ಯರ್ಥವಾದದ್ದಿಲ್ಲ. ಟೌನ್‌ಶಿಪ್ಪಿನ ಮೂರ್ನಾಲ್ಕು ಸಂಸಾರ ಒಟ್ಟಿಗೆ ಹೊರಡುತ್ತಿದ್ದವು. ಮಾವ ಮುಂಜಾನೆಯಿಂದ ನೋಡುವ ಜಾಗಗಳ ಪಟ್ಟಿ ಹಿಡಿದು ಎಲ್ಲರನ್ನೂ ಹುರುಪಿನಿಂದ ಹೊರಡಿಸುವವರು. ಅತ್ತೆಯದು ಉಳಿದ ಕೆಲಸ. ರೈಲಿಗೆ ಅವಲಕ್ಕಿ, ಚಪಾತಿ. ಇಳಿದಲ್ಲಿ ಸ್ಟೌ ಹಚ್ಚಿ ಅನ್ನ, ಸಾರು. ಸಂಜೆ ಎಲ್ಲರ ಬಟ್ಟೆ ಒಗೆದು ಕಿಟಕಿಯ ಸರಳಿಗೆ, ಮಂಚದ ಕಾಲಿಗೆ ಹಗ್ಗ ಕಟ್ಟಿ ಒಣಹಾಕುವುದು. ಒಣಗದ ಬಟ್ಟೆಯನ್ನು ಮುಂದಿನ ಊರಿಗೆ ಒದ್ದೆಯಾಗಿಯೇ ಹೊರುವುದು.

ಮಾವ ಕೆಟ್ಟವರಲ್ಲ. ಅದನ್ನು ಹೇಳದಿದ್ದರೆ ಈ ಚಿತ್ರ ಸುಳ್ಳಾಗುತ್ತದೆ. ಅವರು ಕೈ ಎತ್ತಿದವರಲ್ಲ, ದನಿ ಎತ್ತಿದವರೂ ಅಲ್ಲ. ಬಡ ಪುರೋಹಿತರ ಮಗ; ಓದು ಮುಗಿಯುವವರೆಗೆ ಧಾರವಾಡ ಬಿಟ್ಟು ಬೇರೆ ಊರು ಕಂಡಿರಲಿಲ್ಲವಂತೆ. ಹಿಮವನ್ನು ಕೈಯಲ್ಲಿ ಹಿಡಿದಾಗ ಅತ್ತುಬಿಟ್ಟಿದ್ದೆ ಎಂದು ಅವರೇ ಒಮ್ಮೆ ನನ್ನೆದುರು ಹೇಳಿದ್ದುಂಟು. ಹೆಂಡತಿಗೆ ಇಷ್ಟೆಲ್ಲ ತೋರಿಸಿದ್ದೇನೆ ಎನ್ನುವುದು ಅವರ ಬದುಕಿನ ದೊಡ್ಡ ಹೆಮ್ಮೆ. ಬಂದ ನೆಂಟರ ಮುಂದೆ, "ಇಕೀಗೆ ನಾ ಏನು ಕಡಿಮಿ ಮಾಡೇನಿ ಕೇಳ್ರಿ. ಭಾರತ ದರ್ಶನ ಮಾಡಿಸೇನಿ," ಅನ್ನುತ್ತಿದ್ದರು. ಅತ್ತೆ ಚಹಾದ ಲೋಟ ಇಟ್ಟು ಒಳಗೆ ಹೋಗುತ್ತಿದ್ದರು.

ಒಳಗೆ ಬಂದ ಮೇಲೆ ಅವರ ಬಾಯಿ ಬಿಚ್ಚುತ್ತಿತ್ತು. ಅಡುಗೆಮನೆಯಲ್ಲಿ ನಾನು ಕೇಳಿದ ಮಾತುಗಳನ್ನು ನನ್ನ ಗಿರಾಕಿಗಳ ಮುಂದೆ ಹೇಳಿದ್ದರೆ ನನ್ನ ಅಂಗಡಿ ಎಂದೋ ಮುಚ್ಚುತ್ತಿತ್ತು. ದೇಶ ಸುತ್ತು, ಕೋಶ ಓದು ಎಂಬ ಗಾದೆ ಎತ್ತಿದರೆ ಅವರಿಗೆ ಮೈ ಉರಿಯುತ್ತಿತ್ತು. "ದೇಶಾ ಸುತ್ತಿದವರನ್ನ ಕಣ್ಣಾರೆ ನೋಡೇನಿ. ಹೋಗೂವಾಗ ಮನಸ್ಸು ಎಷ್ಟು ಸಣ್ಣದಿತ್ತೋ ಬರೂವಾಗೂ ಅಷ್ಟ. ಮ್ಯಾಲೊಂದು ಶಾಲು." ತೀರ್ಥಯಾತ್ರೆಯ ಮಾತು ಬಂದರೆ, "ದೇವರು ಅಷ್ಟು ದೂರ ಹೋಗಿ ಕೂತಾನಂದ್ರ ಅವಗ ನಾವು ಬ್ಯಾಡಾಗೇವಿ. ಬೆನ್ನು ಹತ್ತಿ ಯಾಕ ಹೋಗ್ಬೇಕು?" ಟಿವಿಯಲ್ಲಿ ಯಾರೋ ಗುಡ್ಡಗಾಡಿನ ಮುದುಕಿಯ ಫೋಟೋ ತೆಗೆಯುತ್ತಿದ್ದರೆ, "ನಾ ಹಿಟ್ಟು ನಾದೂವಾಗ ಯಾವನರ ಬಂದು ಹಿಂಗ ಫೋಟೋ ಹೊಡದ್ರ ನೀವು ಪೋಲೀಸರನ್ನ ಕರೀತೀರಿ. ಅಕೀಗೆ ಮಾತ್ರ ನಗು ಅಂತೀರಿ."

ಮಾವನ ನಿವೃತ್ತಿಯಾಗಿ ಕ್ವಾರ್ಟರ್ಸು ಬಿಟ್ಟ ಮೇಲೆ ಇಬ್ಬರೂ ಅಹಮದಾಬಾದಿಗೆ, ನಮ್ಮ ವಸ್ತ್ರಾಪುರದ ಫ್ಲ್ಯಾಟಿಗೆ ಬಂದರು. ನನ್ನ ಗಂಡ ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ನಾನು ಮುಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್ ಇಟ್ಟುಕೊಂಡು ಟೂರುಗಳನ್ನು ಬುಕ್ ಮಾಡುತ್ತಿದ್ದೆ.

ಒಂದು ಚಳಿಗಾಲದ ಮಧ್ಯಾಹ್ನ ನರೋಡಾದಿಂದ ಒಬ್ಬ ಹೆಂಗಸು ಬಂದಿದ್ದಳು. ಗಂಡನದು ಅಲ್ಲೊಂದು ಕಾರ್ಖಾನೆ. ಒಟ್ಟು ಕುಟುಂಬ, ಮನಾಲಿಗೆ ಹೋಗಬೇಕು, ಅಡುಗೆಮನೆ ಇರುವ ಬಂಗಲೆಯೇ ಆಗಬೇಕು, ಅವಳ ಮಾವನಿಗೆ ಹೊರಗಿನ ಊಟ ಆಗುವುದಿಲ್ಲ. ನಾನು ಬಂಗಲೆಯ ಚಿತ್ರ ತೋರಿಸುತ್ತಿದ್ದೆ. ಅತ್ತೆ ಅಲ್ಲೇ ಸೋಫಾದ ಮೇಲೆ ಹಸಿ ತೊಗರಿಕಾಯಿ ಬಿಡಿಸುತ್ತ ಕೂತಿದ್ದರು.

"ವಹಾಂ ಖಾನಾ ಕೌನ್ ಪಕಾತಾ?" ಎಂದು ಕೇಳಿದರು, ತಮ್ಮ ಧಾರವಾಡದ ಹಿಂದಿಯಲ್ಲಿ.

ಅವಳು ನಕ್ಕಳು. "ನಾವೆಲ್ಲ ಸೇರಿ ಮಾಡಿಕೊಳ್ತೇವೆ, ಮಾಸಿ."

"ಎಲ್ಲ ಅಂದರೆ? ಗಂಡಸರೂ?"

"ಇಲ್ಲ ಇಲ್ಲ. ನಾನು, ನನ್ನ ಓರಗಿತ್ತಿ."

"ಮನೆಯಲ್ಲಿ ಅಡುಗೆಗೆ ಯಾರೂ ಇಲ್ಲವಾ?"

"ಮಹಾರಾಜ್ ಇದ್ದಾನೆ. ದಿನಾ ಬರ್ತಾನೆ."

ಅತ್ತೆ ಒಂದು ಕಾಯಿ ಬಿಡಿಸಿ ಕಾಳು ಬಟ್ಟಲಿಗೆ ಹಾಕಿದರು. "ಹಾಗಾದರೆ ಮನೆಯಲ್ಲಿ ಸೇಠಾಣಿ ಆಗಿರುವವಳು ಅಷ್ಟು ದೂರ ಹೋಗಿ ಆಳಾಗೋದು ಯಾಕೆ? ಚಳಿ ಬೇರೆ."

ಅವಳು ಮತ್ತೆ ನಗಲಿಕ್ಕೆ ಹೊರಟು, ನಗಲಿಲ್ಲ. ಚಿತ್ರಗಳನ್ನು ನೋಡಿದಂತೆ ಮಾಡಿ, ಮನೆಯಲ್ಲಿ ಕೇಳಿ ಫೋನ್ ಮಾಡುತ್ತೇನೆ ಎಂದು ಎದ್ದು ಹೋದಳು. ಮರುದಿನ ಫೋನ್ ಬಂತು. ಈ ಸಲ ಬೇಡವಂತೆ.

ನನಗೆ ಸಿಟ್ಟು ಬಂತು. "ಅತ್ತೆ, ಇದು ನನ್ನ ಹೊಟ್ಟೆಪಾಡು. ನಿಮ್ಮ ಅಭಿಪ್ರಾಯ ನಿಮ್ಮಲ್ಲೇ ಇರಲಿ. ಬಂದವರನ್ನು ಓಡಿಸಿದರೆ ಹೇಗೆ?"

"ನಾ ಓಡಸಲಿಲ್ಲ. ಕೇಳಿದೆ ಅಷ್ಟ. ಅಕೀಗೆ ಮದಲ ಯಾರೂ ಕೇಳಿದ್ದಿಲ್ಲ ಕಾಣಸ್ತದ," ಅಂದರು ಅತ್ತೆ. "ಇನ್ನ ಮ್ಯಾಲೆ ಮಂದಿ ಬಂದಾಗ ನಾ ಒಳಗ ಕೂಡ್ತೇನಿ ಬಿಡು."

ಹೇಳಿದಂತೆ ಒಳಗೆ ಕೂತರು. ಬಾಗಿಲು ಮಾತ್ರ ಹಾಕಿಕೊಳ್ಳುತ್ತಿರಲಿಲ್ಲ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸ್ವಲ್ಪ ದಿನದಲ್ಲೇ ನಾನು ಹೆಂಗಸರಿಗೆ ಮಾತ್ರ ಒಂದು ಟೂರು ಶುರು ಮಾಡಿದೆ. ಒಲೆ ಇಲ್ಲ, ಪಾತ್ರೆ ಇಲ್ಲ, ಗಂಡಂದಿರಿಲ್ಲ. ಈಗ ನನ್ನ ವ್ಯಾಪಾರ ನಿಂತಿರುವುದೇ ಅದರ ಮೇಲೆ. ಮೊದಲ ಗುಂಪು ಉದಯಪುರಕ್ಕೆ ಹೋಗಿ ಬಂದಾಗ ಅತ್ತೆಯ ಬಳಿ ಹೋಗಿ, "ಇದು ನಿಮ್ಮಿಂದ ಬಂದ ಬುದ್ಧಿ," ಅಂದೆ. ಅವರ ಮುಖ ಅರಳಲಿಲ್ಲ. "ಛೊಲೊ ಮಾಡಿದಿ. ಆದ್ರ ವಾಪಸ್ ಬಂದ ಮ್ಯಾಲೆ ಆ ದಿವಸಗಳ ಕೆಲಸಾನೂ ಸೇರಿಸಿ ಮಾಡಸ್ತಾರ, ನೋಡ್ತಿರು." ಅದೂ ನಿಜವೇ. ಊರಿಗೆ ಮರಳುವ ಬಸ್ಸಿನಲ್ಲಿ ಸಬರಮತಿ ದಾಟುವ ಹೊತ್ತಿಗೆ ಎಲ್ಲ ಹೆಂಗಸರೂ ಫೋನ್ ಹಿಡಿದು, ಮನೆಯಲ್ಲಿ ಹಿಟ್ಟು ಇದೆಯೋ ಇಲ್ಲವೋ ಕೇಳುತ್ತಿರುತ್ತಾರೆ.

ಅಹಮದಾಬಾದಿಗೆ ಬಂದ ಮೇಲೆ ಮಾವನ ಆಸೆ ದೇಶದ ಗಡಿ ದಾಟಿತು. ಹಿರಿಯ ನಾಗರಿಕರ ಒಂದು ಗುಂಪು ಸಿಂಗಾಪುರ, ಬ್ಯಾಂಕಾಕ್ ಎಂದು ಹೊರಟಿತ್ತು. ಜೈನ ಊಟ, ಜೊತೆಗೇ ಅಡುಗೆಯವ. ಒಲೆಯ ನೆಪ ಈ ಸಲ ಅತ್ತೆಗೆ ಉಳಿದಿರಲಿಲ್ಲ. "ಬರೂದಿಲ್ಲ," ಅಂದರು ಅತ್ತೆ. ಮಾವ ನಕ್ಕರು. "ಹಂಗ ಅಂತಾಳ. ಹೋದ ಮ್ಯಾಲೆ ಖುಷಿ ಪಡ್ತಾಳ," ಎಂದು ಪಾಸ್‌ಪೋರ್ಟಿಗೆ ದಿನ ಗೊತ್ತುಮಾಡಿದರು. ನನ್ನ ಗಂಡ ರಜೆ ಹಾಕಿ ಕಾರು ತೆಗೆದ. ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಸುಮ್ಮನೆ ಬಂದು ಕೂತರು. ಮಾತಿಗೆ ಬೆಲೆ ಇಲ್ಲದ ಕಡೆ ಹೇಗಿರಬೇಕೋ ಹಾಗೆ ಇದ್ದಾರೆ ಅಂದುಕೊಂಡೆ ನಾನು.

ಪಾಸ್‌ಪೋರ್ಟ್ ಕಚೇರಿಯಲ್ಲಿ ಸರದಿ ಬಂತು. ಕೌಂಟರಿನ ಹುಡುಗಿ ಮೃದುವಾಗಿ, "ಮಾತಾಜಿ, ಇಲ್ಲಿ ಬೆರಳು ಇಡಿ," ಎಂದು ಯಂತ್ರ ತೋರಿಸಿದಳು. ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ನಹೀ ರಖೂಂಗಿ."

ಹುಡುಗಿಗೆ ಅರ್ಥವಾಗಲಿಲ್ಲ. "ನೋವಾಗಲ್ಲ, ಮಾತಾಜಿ."

"ಗೊತ್ತದ. ಮುಝೆ ನಹೀ ಜಾನಾ. ಇವರು ಹೋಗ್ತಾರ, ಇವರದ ತೊಗೋ. ನನಗ ಪಾಸ್‌ಪೋರ್ಟ್ ಬ್ಯಾಡ."

ಮಾವ ಕಿವಿಯ ಹತ್ತಿರ ಬಾಗಿ ಏನೋ ಅಂದರು. ಹಿಂದಿನ ಸಾಲಿನವರು ತಲೆ ಎತ್ತಿ ನೋಡತೊಡಗಿದರು. ನನ್ನ ಗಂಡ, "ಅಮ್ಮಾ, ಈಗ ಇಟ್ಟುಬಿಡು, ಹೋಗೋದು ಬಿಡೋದು ಆಮೇಲೆ ನೋಡೋಣ," ಅಂದ. ಅತ್ತೆ ಕುರ್ಚಿಯಿಂದ ಎದ್ದರು. ಜೀವನದಲ್ಲಿ ಒಮ್ಮೆಯೂ ಮುಂದೆ ನಡೆಯದ ಹೆಂಗಸು ಅವತ್ತು ನಮ್ಮೆಲ್ಲರಿಗಿಂತ ಮುಂದೆ ನಡೆದು, ಬಾಗಿಲು ದಾಟಿ, ಕಾರಿನ ಪಕ್ಕ ಬಿಸಿಲಲ್ಲಿ ನಿಂತುಕೊಂಡರು.

ದಾರಿಯಲ್ಲಿ ಮಾವ ಕಿಟಕಿಯ ಕಡೆ ಮುಖ ಮಾಡಿ, "ಮಂದಿ ಮುಂದ ಮರ್ಯಾದಿ ಕಳದಿ," ಅಂದರು.

"ನಿಮ್ಮ ಮರ್ಯಾದಿ ಭಾಳ ದೂರ ದೂರ ಅಡ್ಡಾಡೇದ," ಅಂದರು ಅತ್ತೆ. "ಒಂದಿಷ್ಟು ದಣಿವಾರಿಸಿಕೊಳ್ಳಲಿ ಬಿಡ್ರಿ."

ಮಾವ ಒಬ್ಬರೇ ಹೋದರು. ಬಂಧುಗಳೆಲ್ಲ ಫೋನ್ ಮಾಡಿ ಮಾವನಿಗಾಗಿ ಮರುಗಿದರು. ಈ ವಯಸ್ಸಿನಲ್ಲೂ ಎಷ್ಟು ಉತ್ಸಾಹ ಅವರಿಗೆ, ಪಾಪ, ಜೊತೆ ಇಲ್ಲ. ಅತ್ತೆಯ ಕಡೆಗೆ ಒಬ್ಬರೂ ಮಾತಾಡಲಿಲ್ಲ. ನನ್ನ ಗಂಡನೂ ಕೆಲವು ದಿನ ತಾಯಿಯ ಜೊತೆ ಬಿಗಿದುಕೊಂಡೇ ಇದ್ದ.

ಮಾವ ಇಲ್ಲದ ಆ ದಿನಗಳಲ್ಲಿ ಅತ್ತೆ ಏನು ಮಾಡಿದರು ಎಂದು ನಾನು ನೋಡುತ್ತಿದ್ದೆ. ಏನೂ ಮಾಡಲಿಲ್ಲ. ಹಸಿವಾದಾಗ ಉಂಡರು. ಒಂದು ದಿನ ಹೊರಗಿನಿಂದ ತರಿಸು ಅಂದರು. ತಂದ ಪಾವ್‌ಭಾಜಿಯನ್ನು ಸೋಫಾದ ಮೇಲೆ ಕಾಲು ಮಡಚಿ ಕೂತು ತಿಂದರು. ಮಧ್ಯಾಹ್ನ ಫ್ಯಾನಿನ ಕೆಳಗೆ ಚಾಪೆ ಹಾಸಿ, ಯಾರೂ ಎಬ್ಬಿಸದೆ, ಸಂಜೆಯವರೆಗೆ ಮಲಗಿದರು. ಅಂಥ ಒಂದು ಮಧ್ಯಾಹ್ನವೇ, ಎದ್ದು ಚಹಾ ಕುಡಿಯುತ್ತಿದ್ದಾಗ, ನಾನು ಕೇಳಿದೆ. "ಅತ್ತೆ, ನಿಜವಾಗಿ ಎಲ್ಲಿಗೂ ಹೋಗಬೇಕು ಅಂತ ಅನ್ನಿಸೋದೇ ಇಲ್ಲವಾ? ಗದಗಿನ ಕಡೆ ನಿಮ್ಮ ತೌರಿಗೆ ಹೋಗಿ ಬರೋಣ ಬೇಕಾದರೆ. ನಾನೇ ಕರೆದುಕೊಂಡು ಹೋಗ್ತೇನೆ."

"ಯಾರನ್ನ ನೋಡಲಿಕ್ಕೆ?" ಅಂದರು.

ಆಮೇಲೆ ಹೇಳಿದರು. ನನ್ನ ಗಂಡ ಸಣ್ಣವನಿದ್ದಾಗಿನ ಮಾತು. ಅತ್ತೆಯ ತಾಯಿ ಹಾಸಿಗೆ ಹಿಡಿದಿದ್ದರು. ಅಣ್ಣ ಸುದ್ದಿ ಕಳಿಸಿದ್ದ: ಅವ್ವ ನಿನ್ನ ಹೆಸರು ಹಿಡಿದು ಕರೆಯುತ್ತಾಳೆ, ಬಂದು ಹೋಗು. ಅದೇ ಹೊತ್ತಿಗೆ ಕಾಶ್ಮೀರಕ್ಕೆ ಟಿಕೆಟ್ಟಾಗಿತ್ತು. ಎಲ್‌ಟಿಸಿಯ ಅವಧಿ ಮುಗಿಯುತ್ತ ಬಂದಿತ್ತು, ಉಳಿದ ಸಂಸಾರಗಳೂ ಹೊರಟಿದ್ದವು.

"ಹಾಸಿಗಿ ಸುತ್ತಿ ಹೋಲ್ಡಾಲ್ ಕಟ್ಟಲಿಕ್ಕೆ ಹತ್ತಿದ್ರು ಇವರು," ಅಂದರು ಅತ್ತೆ. "ನಾ ಅಂದೆ, ನೀವು ಹೋಗಿ ಬರ್ರಿ, ನನ್ನ ಅವ್ವನ ಕಡೆ ಕಳಸ್ರಿ. ಗಾಡಿ ಹತ್ತಿಸಿದ್ರ ಸಾಕು, ನಾ ಹೋಗ್ತೇನಿ. ಇವರು ಪಟ್ಟಿ ಜಗ್ಗತ ಜಗ್ಗತ ಅಂದ್ರು, ಊರು ಎಲ್ಲೂ ಓಡಿ ಹೋಗೂದಿಲ್ಲ. ಬಂದ ಮ್ಯಾಲೆ ಹೋಗೂಣು."

"ನೀವು ಮತ್ತೆ ಕೇಳಲಿಲ್ಲವಾ?"

"ಅಷ್ಟೂ ಸಂಸಾರದ ಅಡಿಗಿ ಮಾಡೂದಿತ್ತು. ನಾ ಬರೂದಿಲ್ಲ ಅಂದ್ರ ಅವರೆಲ್ಲಾ ಉಣ್ಣೂದು ಏನು?"

ಕಾಶ್ಮೀರದ ಬಗ್ಗೆ ಅತ್ತೆಗೆ ನೆನಪಿದ್ದದ್ದು ಒಂದೇ. ನೀರಿನ ಮೇಲಿನ ಮನೆಯ ಅಡುಗೆಕೋಣೆಯಲ್ಲಿ ಕೂತು ಹಿಟ್ಟು ನಾದುವಾಗ ನೆಲ ಅಲ್ಲಾಡುತ್ತಿತ್ತಂತೆ. ಅವ್ವ ತೊಟ್ಟಿಲು ತೂಗಿದಂತೆ ಅನ್ನಿಸಿತಂತೆ. ಕೊಯಾಲಿಗೆ ಮರಳಿದ ದಿನ ಪಕ್ಕದ ಮನೆಯ ಹೆಂಗಸು ಗೇಟಿನ ಹತ್ತಿರವೇ ಕಾಯುತ್ತಿದ್ದಳು. ಆಗ ಆ ಸಾಲಿಗೆಲ್ಲ ಫೋನಿದ್ದದ್ದು ಅವರ ಮನೆಯಲ್ಲಿ ಮಾತ್ರ. ಹೋಲ್ಡಾಲು ಇಳಿಸುವ ಮೊದಲೇ ಸುದ್ದಿ ಹೇಳಿದಳು. ಅಲ್ಲಿ ಊರಿನಲ್ಲಿ ಅಷ್ಟು ಹೊತ್ತಿಗೆ ಅವ್ವನ ದಿನಕರ್ಮಗಳೂ ಮುಗಿದುಹೋಗಿದ್ದವು.

"ಇವರು ಏನಂದ್ರು ಗೊತ್ತೇನು?" ಅತ್ತೆ ಲೋಟ ಕೆಳಗಿಟ್ಟರು. ದನಿ ಏರಲಿಲ್ಲ, ಇಳಿಯಲಿಲ್ಲ. "ಸದ್ಯ, ನಾವು ಶ್ರೀನಗರದಾಗ ಇದ್ದಾಗ ಸುದ್ದಿ ಮುಟ್ಟಲಿಲ್ಲ. ಎಲ್ಲಾರ ಟ್ರಿಪ್ ಹಾಳಾಗ್ತಿತ್ತು. ಹಂಗ ಅಂದ್ರು."

ಆ ವಾರವೇ ಫೋಟೋಗಳು ತೊಳೆದು ಬಂದವಂತೆ. ನೋಡಲು ಬಂದವರಿಗೆ ಅತ್ತೆ ಅವಲಕ್ಕಿ ಹಚ್ಚಿ ಕೊಟ್ಟರಂತೆ.

ಆಮೇಲೂ ಅವರು ಎಷ್ಟೋ ಸಲ ಹೋದರು. ಪುರಿ, ರಾಮೇಶ್ವರ, ಶಿಮ್ಲಾ. ಹೋಗುವುದಿಲ್ಲ ಎನ್ನಲು ಪಾಸ್‌ಪೋರ್ಟ್ ಕಚೇರಿಯವರೆಗೆ ಕಾಯಬೇಕಾಯಿತು. "ಅಲ್ಲಿ ಆ ಹುಡಿಗಿ ನನ್ನ ಬಟ್ಟು ಕೇಳಿದಳು ನೋಡು," ಅಂದರು ಅತ್ತೆ. "ಇವರ ಬಟ್ಟು ನಡೀತಿದ್ದಿಲ್ಲ. ಆವಾಗ ತಿಳೀತು, ಇದೊಂದು ನನ್ನ ಕೈಯಾಗ ಅದ ಅಂತ."

ನನಗೆ ಪ್ರವಾಸದ ಮೇಲೆ ಅವತ್ತೂ ದ್ವೇಷ ಹುಟ್ಟಲಿಲ್ಲ, ಇವತ್ತೂ ಇಲ್ಲ. ಮೊದಲ ಸಲ ಹಿಮ ಕಂಡಾಗ ನನಗೂ ಕಣ್ಣಲ್ಲಿ ನೀರು ಬಂದಿತ್ತು. ಆ ವಿಷಯದಲ್ಲಿ ನಾನು ಮಾವನ ಪಕ್ಷ. ಅತ್ತೆಗೆ ಅದನ್ನು ಹೇಳಿದ್ದೆ ಕೂಡ. "ನೀ ಕೈ ಬೀಸಿಕೊಂತ ಹೋಗಿದ್ದಿ. ಹಂಗ ಹೋದವರಿಗೆ ಎಲ್ಲಾ ಚೆಂದನ ಕಾಣಸ್ತದ," ಅಂದಿದ್ದರು.

ಎರಡು ವರ್ಷದ ಹಿಂದೆ ಅತ್ತೆಗೆ ಊಟ ಸೇರದಾಯಿತು. ವಯಸ್ಸಿನದು ಎಂದು ಸುಮ್ಮನಿದ್ದೆವು. ಪರೀಕ್ಷೆ ಮಾಡಿಸಿದಾಗ ಯಕೃತ್ತಿನಲ್ಲಿ ಗಂಟು, ಅದೂ ಹರಡಿಯಾಗಿದೆ ಎಂದರು. ಮಾವ ಒಂದೇ ಸಮ ಓಡಾಡಿದರು. ಮುಂಬಯಿಗೆ ಹೋಗೋಣ, ಕೇರಳದಲ್ಲಿ ಯಾರೋ ವೈದ್ಯರಿದ್ದಾರಂತೆ, ತಿರುಪತಿಗೆ ಹರಕೆ ಹೊರೋಣ. ಪ್ರತಿಯೊಂದಕ್ಕೂ ಅತ್ತೆಯದು ಅದೇ ಮಾತು: "ಬರೂದಿಲ್ಲ." ವೈದ್ಯರು ಹೇಳಿದ್ದೂ ಅದನ್ನೇ, ಬೇರೆ ಶಬ್ದಗಳಲ್ಲಿ, ಎಲ್ಲಿಗೆ ಒಯ್ದರೂ ಇನ್ನು ಹೆಚ್ಚೇನೂ ಮಾಡುವಂತಿಲ್ಲ ಎಂದು. ಮಾವ ರಾತ್ರಿ ಊಟ ಬಿಟ್ಟು ಬಾಲ್ಕನಿಯಲ್ಲಿ ಕೂರುತ್ತಿದ್ದರು. ಅವರ ದುಃಖ ಸುಳ್ಳಲ್ಲ.

ಕೊನೆಯ ದಿನಗಳಲ್ಲಿ, ನಾನು ಅವರಿಗೆ ತಲೆ ಬಾಚುತ್ತಿದ್ದಾಗ, ಅತ್ತೆ ಹೇಳಿದರು. "ಆದ ಮ್ಯಾಲೆ ನನ್ನ ಎಲ್ಲೂ ಒಯ್ಯಬ್ಯಾಡ್ರಿ. ಮಹಿ ಹೊಳಿಯಾಗ ಬಿಟ್ಟುಬಿಡ್ರಿ. ಕೊಯಾಲಿಯಾಗ ಇದ್ದಷ್ಟು ವರ್ಷ ಅದರ ನೀರ ಕುಡದೇನಿ. ನನಗ ಅದ ಗಂಗಿ."

"ಆಯ್ತು ಅತ್ತೆ."

"ನೀ ಆಯ್ತು ಅಂತಿ. ನೀ ಒಬ್ಬಾಕಿ ಅಂದ್ರ ಏನಾಗ್ತದ?" ಅಂದರು.

ಅವರು ಹೋದದ್ದು ಒಂದು ಬೆಳಿಗ್ಗೆ, ಹಾಲಿನವನು ಬಂದು ಹೋದ ಮೇಲೆ. ಮನೆಯಲ್ಲೇ, ತಮ್ಮ ಹಾಸಿಗೆಯಲ್ಲೇ. ಅಷ್ಟಾದರೂ ನಡೆಯಿತು.

ಮೂರನೆಯ ದಿನ ಅಸ್ಥಿ ತಂದ ಮೇಲೆ ಮಾವ ಎಲ್ಲರನ್ನೂ ಕೂರಿಸಿಕೊಂಡು, "ಹರಿದ್ವಾರಕ್ಕ ಒಯ್ಯೂಣು," ಅಂದರು. ನಾನು ಅತ್ತೆ ಹೇಳಿದ್ದನ್ನು ಹೇಳಿದೆ. ಮಹಿ ನದಿ ಇಲ್ಲಿಂದ ಎರಡು ತಾಸಿನ ದಾರಿ ಅಂದೆ. ಯಾರೂ ಸಿಟ್ಟಾಗಲಿಲ್ಲ. ಧಾರವಾಡದಿಂದ ಬಂದ ಹಿರಿಯರೊಬ್ಬರು ನನಗೆ ಸಮಾಧಾನ ಹೇಳುವ ದನಿಯಲ್ಲಿ, "ಹೆಣ್ಮಕ್ಕಳು ಹಂಗ ಅಂತಾರವಾ. ಮಂದಿಗೆ ತ್ರಾಸ ಆಗಬಾರದು ಅಂತ ಅಂದಿರ್ತಾಳ. ನಾವು ಮಾಡೂದು ಮಾಡಬೇಕು," ಅಂದರು. ಗಂಡನ ಕಡೆ ನೋಡಿದೆ. "ಅಪ್ಪನ ಸಮಾಧಾನಕ್ಕೆ," ಅಂದ ಅವನು, ನೆಲ ನೋಡುತ್ತ.

ಅಷ್ಟರಲ್ಲಿ ಮಾವ ನನ್ನತ್ತ ತಿರುಗಿದರು. "ಟಿಕೆಟ್, ಹೋಟೆಲ್ ಎಲ್ಲಾ ನೀನ ನೋಡು. ನಿನ್ನಷ್ಟು ಚೆಂದ ಯಾರು ಮಾಡ್ತಾರ. ಹೆಂಗೂ ಅಷ್ಟು ದೂರ ಹೋಗಿರ್ತೇವಿ, ಮಸ್ಸೂರಿನೂ ಸೇರಿಸಿಬಿಡು. ಅದೊಂದು ಉಳದಿತ್ತು ನಮಗ."

"ನಾನು ಮಾಡೋದಿಲ್ಲ, ಮಾವ," ಅಂದೆ.

ಅವರಿಗೆ ಕೇಳಿಸಲಿಲ್ಲವೇನೋ ಎಂಬಂತೆ ನೋಡಿದರು.

"ನೀವು ಹೋಗೋದಾದರೆ ಹೋಗಿ. ಅತ್ತೆಗೆ ನಾನು ನನ್ನ ಕೈಯಾರೆ ಟಿಕೆಟ್ ತೆಗೆಯೋದಿಲ್ಲ."

ಬಂದ ನೆಂಟರ ಮುಂದೆ ಸೊಸೆ ಹೀಗೆ ಅಂದಳು ಎಂಬುದು ಧಾರವಾಡದವರೆಗೆ ಹೋಯಿತು. ಅದರಿಂದ ಏನೂ ನಿಲ್ಲಲಿಲ್ಲ. ನನ್ನ ಗಂಡ ಇನ್ನೊಂದು ಕಡೆ ಬುಕ್ ಮಾಡಿದ. ಒಂದು ಸಣ್ಣ ಹಿತ್ತಾಳೆಯ ತಂಬಿಗೆ, ಬಾಯಿಗೆ ಕೆಂಪು ಬಟ್ಟೆ ಕಟ್ಟಿದ್ದು, ಮಾವನ ಮಡಿಲಲ್ಲಿ ಕೂತು ವಿಮಾನ ಹತ್ತಿತು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮೊದಲು ಘಾಟಿನ ಫೋಟೋ ಬಂತು, ಎಲ್ಲರೂ ಕೈಮುಗಿದರು. ಎರಡು ದಿನದ ಮೇಲೆ ಮಸ್ಸೂರಿಯ ಜಲಪಾತ ಬಂತು. ಅದಕ್ಕೂ ಕೈಮುಗಿದವರಿದ್ದರು.

ಅವರು ಮರಳಿದ ಸಂಜೆ ಮಾವ ದಣಿದಿದ್ದರು, ಆದರೆ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಸೋಫಾದಲ್ಲಿ ಕೂತು ಚಪ್ಪಲಿ ಬಿಚ್ಚುತ್ತ, "ಛೊಲೊ ಆತು. ಅಕಿ ಇದ್ದಿದ್ರ ಎಷ್ಟು ಖುಷಿ ಪಡ್ತಿದ್ದಳು," ಅಂದರು.

ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. "ಇಲ್ಲ ಮಾವ. ಪಡ್ತಿರಲಿಲ್ಲ," ಅಂದೆ. "ಅವರಿಗೆ ಈ ತಿರುಗಾಟ ಒಂದು ದಿನವೂ ಸೇರಿರಲಿಲ್ಲ. ಅವರ ತಾಯಿ ಹೋದಾಗಿನಿಂದ ಅವರು ಅದನ್ನು ನುಂಗಿಕೊಂಡೇ ಇದ್ದರು."

ಮಾವ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವರ ಮುಖ ಅದು. "ಹಂಗ ಅಕಿ ನಿನ್ನ ಮುಂದ ಹೇಳಿದಳೇನು?"

"ಹೌದು."

"ನನ್ನ ಮುಂದ ಒಂದು ಸಲನೂ ಹೇಳಲಿಲ್ಲ ನೋಡು."

"ಹೇಳಿದ್ದರು, ಮಾವ," ಅಂದೆ ನಾನು. "ನೀವು ಎಲ್ಲಿಗೋ ಹೊರಟಿದ್ದಿರಿ."